ಸೆಕೆಂಡರಿ ಡಿಸ್ಟೋನಿಯಾ ಸ್ಟಡಿಗಳು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 10ರಿಂದ ನಮ್ಮ ಗುಂಪಿನ ನರರೋಗ ತಜ್ಞೆ ಮೇಡಂ ಉತ್ತರ ಕೊಡುತ್ತಾರೆ. ವಿಷಯ, ಸೆಕೆಂಡರಿ ಡಿಸ್ಟೋನಿಯಾ ಇರುವವರಿಗಾಗಿ ನಡೆಯುವ ಸಂಶೋಧನಾ ಸ್ಟಡಿಗಳು. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಬೇಡ. ಊರಿನ ಹೆಸರಲ್ಲಿ ಬರೆಯಿರಿ. ಫಾರ್ವರ್ಡ್ ಮೆಸೇಜ್ ಬೇಡವೇ ಬೇಡ.

ಡಾಕ್ಟರ್: ನಮಸ್ಕಾರ. ಮೈಯ ಯಾವುದೋ ಭಾಗ ನಮ್ಮ ಮಾತು ಕೇಳದೆ ತಿರುಚಿಕೊಳ್ಳುವುದು, ಹಾಗೇ ಬಿಗಿದು ನಿಲ್ಲುವುದು ಡಿಸ್ಟೋನಿಯಾ. ಅದಕ್ಕೆ ಹಿಂದೊಂದು ಕಾರಣ ಇದ್ದರೆ, ಅಂದರೆ ಹೆರಿಗೆ ಹೊತ್ತಲ್ಲಿ ಆಮ್ಲಜನಕ ಕಡಿಮೆಯಾಗಿದ್ದು, ಮೆದುಳು ಜ್ವರ, ತಲೆಗೆ ಪೆಟ್ಟು, ಲಕ್ವ, ಯಾವುದೋ ಔಷಧಿ, ಅದನ್ನು ಸೆಕೆಂಡರಿ ಎನ್ನುತ್ತಿದ್ದೆವು. 2013ರಿಂದ ತಜ್ಞರು 'ಅಕ್ವೈರ್ಡ್' ಎಂದು ಹೊಸ ಹೆಸರಿಟ್ಟಿದ್ದಾರೆ. ಸ್ಟಡಿ ಹುಡುಕುವಾಗ ಎರಡೂ ಹೆಸರು ಹಾಕಿ ಹುಡುಕಿ. ಹಳೆಯ ಹೆಸರೊಂದನ್ನೇ ಹಾಕಿದರೆ ಅರ್ಧ ಸಿಗುವುದಿಲ್ಲ.

ದಾವಣಗೆರೆ: ಮೇಡಂ, ಈಗ ಯಾವ ಯಾವ ಸ್ಟಡಿ ನಡೀತಿದೆ ಅಂತ ಎಲ್ಲಿ ನೋಡೋದು?

ಡಾಕ್ಟರ್: ಸಿಟಿಆರ್‌ಐ ಅಂತ ಸರ್ಕಾರದ ವೆಬ್‌ಸೈಟ್ ಇದೆ. ನಮ್ಮ ದೇಶದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧಿ ಪರೀಕ್ಷೆಗಳು ಅಲ್ಲಿ ನೋಂದಣಿ ಆಗಲೇಬೇಕು. 2007ರಲ್ಲಿ ಶುರುವಾಯಿತು, 2009ರಿಂದ ಕಡ್ಡಾಯ. ನೋಡಲು ದುಡ್ಡು ಕೊಡಬೇಕಿಲ್ಲ. ಎಲ್ಲಿ ನಡೆಯುತ್ತಿದೆ, ಯಾರನ್ನು ತಗೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ, ಎಲ್ಲಾ ಇರುತ್ತದೆ.

ಬಳ್ಳಾರಿ: ಒಂದು ಕಡೆ ಸ್ಟೆಮ್ ಸೆಲ್ ಟ್ರಯಲ್ ಇದೆ, 4 ಲಕ್ಷ ಆಗುತ್ತೆ ಅಂದರು. ಮಗಳಿಗೆ 6 ವರ್ಷ. ಮನೆ ಅಡ ಇಡೋಣ ಅಂತಿದ್ದೀವಿ.

ಡಾಕ್ಟರ್: ಇಡಬೇಡಿ. ಸೇರಲು ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಸ್ಟಡಿ ಅಲ್ಲ, ವ್ಯಾಪಾರ. ಡಿಸ್ಟೋನಿಯಾಕ್ಕೆ ಸ್ಟೆಮ್ ಸೆಲ್ ಒಪ್ಪಿತವಾದ ಚಿಕಿತ್ಸೆಯೂ ಅಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಿಯಮದಲ್ಲಿ ಇದು 2017ರಿಂದಲೂ ಸ್ಪಷ್ಟವಾಗಿದೆ. ಅವರ ಹತ್ತಿರ ಸಿಟಿಆರ್‌ಐ ನಂಬರ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ನ್ಯೂಜೆರ್ಸಿ: ನಮಸ್ತೆ ಮೇಡಂ. ತಂಗಿಯ ಗಂಡ ಇಲ್ಲೇ ಕೆಲಸದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ವಾಸಿಯಾಯಿತು. ಆಮೇಲೆ ಎಂಟು ತಿಂಗಳಿಗೆ ಎಡಗೈ ಒಳಗೆ ಮಡಚಿಕೊಳ್ಳಲು ಶುರುವಾಯಿತು. ಬೆಥೆಸ್ಡಾದಲ್ಲಿರುವ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಇಂಥವರ ಸ್ಟಡಿ ಮಾಡುತ್ತಾರಂತೆ. ಸೇರಿಸಬಹುದಾ?

ಡಾಕ್ಟರ್: ಎಂಟು ತಿಂಗಳು ಬಿಟ್ಟು ಬಂದಿದ್ದಕ್ಕೆ ಗಾಬರಿ ಬೇಡ. ಪೆಟ್ಟಾದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಡವಾಗಿಯೂ ಡಿಸ್ಟೋನಿಯಾ ಬರುತ್ತದೆ. ಎನ್‌ಐಎಚ್‌ನ ನರರೋಗ ಸಂಸ್ಥೆ ಡಿಸ್ಟೋನಿಯಾ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡಿದೆ. ಸ್ಟಡಿಯ ಪರೀಕ್ಷೆಗಳಿಗೆ ರೋಗಿಯಿಂದ ದುಡ್ಡು ತಗೊಳ್ಳುವುದಿಲ್ಲ. ಆದರೆ ಅಲ್ಲಿಗೆ ಹೋದರೆ ಕೈ ನೇರವಾಗುತ್ತದೆ ಅಂತ ಹೋಗಬೇಡಿ. ಇಂಥ ಎಷ್ಟೋ ಸ್ಟಡಿಗಳಲ್ಲಿ ಚಿಕಿತ್ಸೆಯೇ ಇರುವುದಿಲ್ಲ. ಕೈಯ ಸ್ನಾಯುಗಳ ಮೇಲೆ ಬಿಲ್ಲೆಯಂಥ ತಂತಿ ಅಂಟಿಸುತ್ತಾರೆ. ಇಂಗ್ಲಿಷ್ 8ರ ಆಕಾರದ ಒಂದು ಅಯಸ್ಕಾಂತದ ಸುರುಳಿಯನ್ನು ತಲೆಗೆ ತಾಗಿಸಿ ಹಿಡಿಯುತ್ತಾರೆ. ಟಕ್ ಟಕ್ ಅಂತ ಸದ್ದು, ಪ್ರತಿ ಸದ್ದಿಗೂ ಬೆರಳು ಸಣ್ಣಗೆ ಎಗರುತ್ತದೆ. ಮೆದುಳು ಬೇಡದ ಚಲನೆಯನ್ನು ಎಷ್ಟು ತಡೆಯಬಲ್ಲದು ಎಂದು ಅಳೆಯುವ ರೀತಿ ಅದು. ಅದರಿಂದ ಅವರಿಗೆ ಇವತ್ತೇ ಲಾಭವಿಲ್ಲ. ಮುಂದೆ ಬರುವವರಿಗೆ ಇರಬಹುದು. ಇದನ್ನು ತಿಳಿದೂ ಒಪ್ಪಿದರೆ ಖಂಡಿತ ಹೋಗಲಿ. ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೊನೆಯ ಸಲ ಯಾವಾಗ ತಗೊಂಡರು, ಮೈಯಲ್ಲಿ ಲೋಹ ಏನಾದರೂ ಇದೆಯಾ, ಈ ಎರಡು ಮೊದಲೇ ಹೇಳಲಿ.

ಮಂಡ್ಯ: ಈಗ ಯಾವ ಸ್ಟಡಿ ನಡೀತಿದೆ ಮೇಡಂ?

ಡಾಕ್ಟರ್: ದಾವಣಗೆರೆಯವರಿಗೆ ಹೇಳಿದ್ದೇನೆ. ನೋಡಿ.

ಶಿರಸಿ: ತಂಗಿಗೆ 17. ವಿಲ್ಸನ್ ಕಾಯಿಲೆ, ಮೈಯಲ್ಲಿ ತಾಮ್ರ ಜಾಸ್ತಿ ಅಂದಿದ್ದಾರೆ. ಬಾಯಿ ಬಿಟ್ಟುಕೊಂಡೇ ಇರುತ್ತಾಳೆ, ಜೊಲ್ಲು ಸುರಿಯುತ್ತದೆ, ಕೈ ತಿರುಚುತ್ತದೆ. ಮಾತ್ರೆ ಶುರು ಮಾಡಿ ಎರಡು ವಾರ. ಕಡಿಮೆ ಆಗುವುದಿರಲಿ, ಜಾಸ್ತಿ ಆಗಿದೆ. ಹಾಗಾಗಿ ಹೊಸ ಔಷಧಿಯ ಸ್ಟಡಿ ಹುಡುಕುತ್ತಿದ್ದೇವೆ. ನರಕ್ಕೆ ಒಳ್ಳೆಯದು ಅಂತ ರಾತ್ರಿ ತಾಮ್ರದ ಚೊಂಬಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಸುತ್ತಿದ್ದೇವೆ. ವಾಟ್ಸಾಪಲ್ಲಿ ಬಂದಿತ್ತು.

ಡಾಕ್ಟರ್: ಆ ಚೊಂಬನ್ನು ಇವತ್ತೇ ಅಟ್ಟಕ್ಕೆ ಹಾಕಿ. ತಾಮ್ರವನ್ನು ಹೊರಗೆ ಹಾಕಲು ಆಗದೆ ಅದು ಲಿವರಿನಲ್ಲಿ, ಮೆದುಳಿನಲ್ಲಿ ಕೂತುಕೊಳ್ಳುವುದೇ ಅವಳ ಕಾಯಿಲೆ. ಮಾತ್ರೆ ಒಂದು ಕಡೆ ತಾಮ್ರವನ್ನು ಮೂತ್ರದಲ್ಲಿ ಕಳಿಸುತ್ತಿದೆ, ನೀವು ಇನ್ನೊಂದು ಕಡೆ ತುಂಬಿಸುತ್ತಿದ್ದೀರಿ. ಇಂಥ ಮೆಸೇಜ್ ಕಳಿಸುವವರಿಗೆ ವಿಲ್ಸನ್ ಎಂಬ ಕಾಯಿಲೆ ಇದೆ ಅಂತಲೂ ಗೊತ್ತಿರುವುದಿಲ್ಲ.

ಎರಡನೆಯದು. ತಾಮ್ರ ಹೊರಹಾಕುವ ಪೆನಿಸಿಲಮಿನ್ ಮಾತ್ರೆ ಶುರು ಮಾಡಿದ ಹೊಸದರಲ್ಲಿ ಕೆಲವರಿಗೆ ಕೈಕಾಲಿನ ತೊಂದರೆ ಜಾಸ್ತಿ ಆಗುತ್ತದೆ. ಗೊತ್ತಿರುವ ವಿಷಯ. ಹಾಗಂತ ನೀವಾಗಿ ನಿಲ್ಲಿಸಬೇಡಿ. ನಾಳೆಯೇ ಅವಳ ಡಾಕ್ಟರಿಗೆ ತೋರಿಸಿ. ಡೋಸ್ ಇಳಿಸಬೇಕೋ, ಟ್ರಯೆಂಟಿನ್ ಅಥವಾ ಜಿಂಕ್‌ಗೆ ಹೋಗಬೇಕೋ ಅವರು ನಿರ್ಧರಿಸಲಿ. ಸ್ಟಡಿ ಆಮೇಲೆ. ಇದಕ್ಕೆ ಒಳ್ಳೆಯ ಔಷಧಿ ಈಗಲೇ ಇದೆ. ನಿಮ್ಹಾನ್ಸ್‌ನವರು 30 ವರ್ಷಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರ 2007ರಲ್ಲಿ ಪ್ರಕಟಿಸಿದ್ದಾರೆ. ಅದೂ ಒಂದು ಸ್ಟಡಿಯೇ. ನಮ್ಮ ಕಡೆಯ ರೋಗಿಗಳು ಹೇಗೆ ಬರುತ್ತಾರೆ, ಹೇಗೆ ಸುಧಾರಿಸುತ್ತಾರೆ ಅಂತ ನಮಗೆ ಗೊತ್ತಾಗಿದ್ದು ಹಾಗೆ.

ನಿಮಗೆ, ನಿಮ್ಮ ಬೇರೆ ತಮ್ಮ ತಂಗಿಯರಿಗೆ ಪರೀಕ್ಷೆ ಆಗಿದೆಯಾ? ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಏನೂ ತೊಂದರೆ ಕಾಣದಿದ್ದರೂ ಮಾಡಿಸಿ.

ಶಿರಸಿ: ತಮ್ಮನಿಗೆ ಮಾಡಿಸಿಲ್ಲ. ಯಾರೂ ಹೇಳಿರಲಿಲ್ಲ. ಈ ವಾರವೇ ಮಾಡಿಸುತ್ತೇವೆ.

ಉಡುಪಿ: ಕ್ಷಮಿಸಿ, ತಾಮ್ರದ ಪಾತ್ರೆ ನಮ್ಮ ಹಿರಿಯರು ಸಾವಿರಾರು ವರ್ಷಗಳಿಂದ ಬಳಸಿದ್ದು. ಅದನ್ನು ವಿಷ ಅನ್ನುವುದು ಸರಿಯಲ್ಲ.

ಧಾರವಾಡ: ಮೇಡಂ ವಿಷ ಅಂದಿಲ್ಲ. ಆ ಹುಡುಗಿಗೆ ಬೇಡ ಅಂದರು. ಓದಿ ಬರೆಯಿರಿ.

ಉಡುಪಿ: ಓದಿದ್ದೇನೆ. ಎಲ್ಲದಕ್ಕೂ ಇಂಗ್ಲಿಷ್ ಮಾತ್ರೆಯೇ ಆಗಬೇಕಾ? ಸ್ಟಡಿ ಸ್ಟಡಿ ಅಂತ ಜನರನ್ನು ಪ್ರಯೋಗದ ಇಲಿ ಮಾಡುತ್ತಾರೆ.

ಮೈಸೂರು: ನಾನೇ ಒಂದು ಸ್ಟಡಿಯಲ್ಲಿದ್ದೆ. ಮಾನಸಿಕ ಕಾಯಿಲೆಯ ಮಾತ್ರೆಯಿಂದ ಕುತ್ತಿಗೆ ಹಿಂದಕ್ಕೆ ಎಳೆಯುತ್ತಿತ್ತು. ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ನೇರವಾಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಹಿಂದಕ್ಕೆ. ಕಾಗದವೆಲ್ಲಾ ಕನ್ನಡದಲ್ಲೇ ಇತ್ತು. ಓದಿ ಹೇಳಿದರು, ಮನೆಗೆ ಕಳಿಸಿ ಯೋಚಿಸಿ ಬನ್ನಿ ಅಂದರು. ಮೂರನೇ ಸಲಕ್ಕೆ ಸಾಕೆನಿಸಿತು, ಬಿಟ್ಟೆ. ಯಾರೂ ಏನೂ ಅನ್ನಲಿಲ್ಲ, ನನ್ನ ಚಿಕಿತ್ಸೆಯೂ ನಿಲ್ಲಲಿಲ್ಲ. ಇಲಿಗೆ ಯಾರು ಹೀಗೆ ಕೇಳುತ್ತಾರೆ ಹೇಳಿ.

ಉಡುಪಿ: ನಿಮ್ಮ ಅದೃಷ್ಟ ಚೆನ್ನಾಗಿತ್ತು.

ಧಾರವಾಡ: ಅದೃಷ್ಟ ಅಲ್ರೀ, ಕಾಯ್ದೆ. 2019ರ ನಿಯಮ ಇದೆ. ಔಷಧಿ ಪರೀಕ್ಷೆಯಿಂದ ತೊಂದರೆಯಾದರೆ ಬಿಟ್ಟಿ ಚಿಕಿತ್ಸೆ, ಪರಿಹಾರ ಕೊಡಬೇಕು.

ಕೋಲಾರ: ವಾಂತಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಮಗನ ಕುತ್ತಿಗೆ ತಿರುಗಿ ಕಣ್ಣು ಮೇಲಕ್ಕೆ ಹೋಗಿತ್ತು. ಇನ್ನೊಂದು ಇಂಜೆಕ್ಷನ್ ಕೊಟ್ಟರು, ಸರಿಹೋಯಿತು. ಅವನನ್ನು ಸ್ಟಡಿಗೆ ಸೇರಿಸಬೇಕಾ?

ಡಾಕ್ಟರ್: ಬೇಡ. ಮೆಟೊಕ್ಲೊಪ್ರಮೈಡ್ ಇರಬೇಕು. ಚೀಟಿ ನೋಡಿ ಹೆಸರು ಖಾತ್ರಿ ಮಾಡಿಕೊಂಡು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳಿ.

ಚಿಕ್ಕಮಗಳೂರು: ಅಂಗವಿಕಲರ ಕಾರ್ಡಿಗೆ ಡಿಸ್ಟೋನಿಯಾ ಯಾವ ವಿಭಾಗದಲ್ಲಿ ಬರುತ್ತೆ?

ಹಾಸನ: ಮೇಡಂ, ಮಗನಿಗೆ 11 ವರ್ಷ. ಹುಟ್ಟಿದ ಕೂಡಲೇ ಅಳಲಿಲ್ಲ. ಅವತ್ತಿನಿಂದ ಡಿಸ್ಟೋನಿಯಾ. ಬಿಗಿತ ಇಳಿಸುವ ಮಾತ್ರೆ ಬಾಕ್ಲೊಫೆನ್, ಪ್ಯಾಸಿಟೇನ್ ಎರಡೂ ನಾಲ್ಕು ವರ್ಷದಿಂದ ಕೊಡುತ್ತಿದ್ದೆ. ಮಾತ್ರೆ ತಗೊಳ್ಳುತ್ತಿರುವವರನ್ನು ಸ್ಟಡಿಗೆ ಸೇರಿಸಲ್ಲ, ಮೊದಲೇ ನಿಲ್ಲಿಸಿ ಅಂತ ಇನ್ನೊಂದು ಗುಂಪಲ್ಲಿ ಹೇಳಿದರು. ಐದು ದಿನದ ಹಿಂದೆ ಎರಡೂ ನಿಲ್ಲಿಸಿದೆ. ಎರಡು ರಾತ್ರಿಯಿಂದ ಮಲಗಿಲ್ಲ. ಮೈ ಬಿಲ್ಲಿನ ಹಾಗೆ ಬಾಗುತ್ತದೆ, ಬಿಡುವುದೇ ಇಲ್ಲ. ಬೆವರಿ ಹಾಸಿಗೆ ಒದ್ದೆ. ಸ್ಟಡಿಗೆ ಇನ್ನೆಷ್ಟು ದಿನ ಕಾಯಬೇಕು?

ಡಾಕ್ಟರ್: ಅಮ್ಮಾ, ಬೇರೆಲ್ಲಾ ಬಿಡಿ. ಮೈ ಬಿಸಿ ಇದೆಯಾ? ಮೂತ್ರ ಯಾವ ಬಣ್ಣ?

ಹಾಸನ: ಬಿಸಿ ಇದೆ, 102. ಮೂತ್ರ ಕಡಿಮೆ. ಬೆಳಿಗ್ಗೆ ಹೋಗಿದ್ದು ಕಾಫಿ ಡಿಕಾಕ್ಷನ್ ಬಣ್ಣ ಇತ್ತು.

ಡಾಕ್ಟರ್: ಈಗಲೇ 108ಕ್ಕೆ ಫೋನ್ ಮಾಡಿ. ಐಸಿಯು ಇರುವ ಆಸ್ಪತ್ರೆಗೇ ಹೋಗಿ, ಕ್ಲಿನಿಕ್‌ಗೆ ಅಲ್ಲ. ಫೋನ್ ಮಾಡಿ ಆದ ಮೇಲೆ ಉಳಿದಿದ್ದನ್ನು ಓದಿ.

ಇದಕ್ಕೆ ಸ್ಟೇಟಸ್ ಡಿಸ್ಟೋನಿಕಸ್ ಎನ್ನುತ್ತಾರೆ. ಜೀವಕ್ಕೆ ಅಪಾಯ. ಸ್ನಾಯು ಎರಡು ದಿನ ಬಿಡದೆ ಬಿಗಿದರೆ ಅದೇ ಒಡೆಯಲು ಶುರುವಾಗುತ್ತದೆ. ಒಡೆದ ಸ್ನಾಯುವಿನ ಬಣ್ಣವೇ ಮೂತ್ರದಲ್ಲಿ ಕಾಣುತ್ತಿರುವುದು. ಅದು ಕಿಡ್ನಿಯನ್ನು ಹಾಳು ಮಾಡಬಹುದು. ಅಲ್ಲಿ ಹೋದ ತಕ್ಷಣ ಹೇಳಬೇಕಾದ ಮೊದಲ ಮಾತು: 'ಬಾಕ್ಲೊಫೆನ್, ಪ್ಯಾಸಿಟೇನ್ ಐದು ದಿನದ ಹಿಂದೆ ಒಮ್ಮೆಗೇ ನಿಲ್ಲಿಸಿದ್ದೇವೆ.' ಜ್ವರ ಅಂತ ಮಾತ್ರ ಹೇಳಿದರೆ ಅವರು ಬರೀ ಸೋಂಕು ಹುಡುಕುತ್ತಾ ಕೂರಬಹುದು. ಎರಡನೇ ಮಾತು: 'ಮೂತ್ರ ಕಪ್ಪಗಿದೆ, ಸಿಕೆ ಪರೀಕ್ಷೆ ಮಾಡಿ.' ಸ್ನಾಯು ಎಷ್ಟು ಒಡೆದಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಅದು. ಖಾಲಿ ಆಗಿದ್ದರೂ ಮಾತ್ರೆಯ ಪಟ್ಟಿ, ಹಳೆಯ ಚೀಟಿ ಹಿಡಿದುಕೊಳ್ಳಿ. ಬಾಯಿಗೆ ಗಂಜಿ, ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಿಲ್ಲಿಸಿದ ಮಾತ್ರೆಯನ್ನು ಮನೆಯಲ್ಲೇ ನೀವಾಗಿ ಶುರು ಮಾಡಬೇಡಿ. ಎಷ್ಟು, ಹೇಗೆ ಅನ್ನುವುದನ್ನು ಅವರು ನೋಡುತ್ತಾರೆ. ಕೈಕಾಲು ಒತ್ತಿ ನೇರ ಮಾಡಲು ಹೋಗಬೇಡಿ. ತಲೆಗೆ, ಬೆನ್ನಿಗೆ ದಿಂಬು ಕೊಡಿ. ಹೊರಡಿ.

ಹಾಸನ: ಗಾಡಿಗೆ ಹೇಳಿದೆ. ಬರ್ತಿದೆಯಂತೆ.

ತುಮಕೂರು: ಅಕ್ಕ, ಸಾಸಿವೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿ ಅಂಗಾಲಿಗೆ ತಿಕ್ಕಿ, ಹತ್ತು ನಿಮಿಷದಲ್ಲಿ

ಡಾಕ್ಟರ್: ಅಡ್ಮಿನ್, ದಯವಿಟ್ಟು ಇದನ್ನು ತೆಗೆಯಿರಿ. ಆ ತಾಯಿ ಈಗ ಫೋನ್ ನೋಡುತ್ತಿದ್ದಾರೆ.

ಅಡ್ಮಿನ್: ತುಮಕೂರಿನವರೇ, ಇವತ್ತು ಇನ್ನು ನೀವು ಬರೆಯುವ ಹಾಗಿಲ್ಲ.

ಡಾಕ್ಟರ್: ಉಳಿದವರೆಲ್ಲಾ ಕೇಳಿಸಿಕೊಳ್ಳಿ. ಸ್ಟಡಿಗೆ ಸೇರಲು ಯಾರೂ ಮನೆಯಲ್ಲಿ ಮಾತ್ರೆ ನಿಲ್ಲಿಸಬಾರದು. ಕೆಲವು ಸ್ಟಡಿಗಳಲ್ಲಿ ಔಷಧಿ ಇಳಿಸುವುದು ಇರುತ್ತದೆ, ನಿಜ. ಅದನ್ನು ನೀವು ಸಹಿ ಮಾಡಿದ ಮೇಲೆ, ಸ್ಟಡಿಯ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ಎಷ್ಟೋ ಸ್ಟಡಿಗಳು ಕೇಳುವುದು ಇದರ ಉಲ್ಟಾ. ಕೆಲವು ವಾರಗಳಿಂದ ಒಂದೇ ಡೋಸ್ ನಡೆಯುತ್ತಿರಬೇಕು, ಬದಲಾಗಿರಬಾರದು ಎನ್ನುತ್ತಾರೆ. ಬಾಕ್ಲೊಫೆನ್ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜ್ವರ ಏರಬಹುದು. ಈ ಮಗುವಿಗೆ ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಯಾರಾದರೂ ಹಾಗೆ ಬರೆದರೆ ನಾನು ಸುಮ್ಮನಿರುವುದಿಲ್ಲ.

ಕಲಬುರಗಿ: ನನಗೆ 24. ಹುಟ್ಟಿದಾಗ ಕಾಮಾಲೆ ಜಾಸ್ತಿಯಾಗಿ ಡಿಸ್ಟೋನಿಯಾ. ತಲೆಗೆ ತಂತಿ ಹಾಕುವ ಡಿಬಿಎಸ್‌ನಿಂದ ಒಬ್ಬರು ಎದ್ದು ನಡೆದ ವಿಡಿಯೋ ನೋಡಿದೆ. ನನಗೂ ಆಗುತ್ತಾ?

ಡಾಕ್ಟರ್: ವಿಡಿಯೋದಲ್ಲಿ ಇರುವವರಿಗೆ ಯಾವ ಡಿಸ್ಟೋನಿಯಾ ಅಂತ ಮೊದಲು ನೋಡಿ. ಫ್ರಾನ್ಸಿನಲ್ಲಿ 2005ರಲ್ಲಿ ಪ್ರೈಮರಿ, ಅಂದರೆ ಮೆದುಳಿಗೆ ಏಟಾಗದೆ ಬಂದ ಡಿಸ್ಟೋನಿಯಾದ 22 ಜನರ ಸ್ಟಡಿ ಬಂತು. ವರ್ಷದಲ್ಲಿ ತೀವ್ರತೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಅವರೇ 2009ರಲ್ಲಿ ನಿಮ್ಮಂತೆ ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಹುಟ್ಟಿನ ಹೊತ್ತಲ್ಲಿ ಮೆದುಳಿಗಾದ ಏಟಿನಿಂದ ಬಂದ 13 ವಯಸ್ಕರ ಸ್ಟಡಿ ಮಾಡಿದರು. ಸರಾಸರಿ ಇಳಿದಿದ್ದು 24% ಆಸುಪಾಸು. ಕೆಲವರಿಗೆ ಚೆನ್ನಾಗಿ, ಕೆಲವರಿಗೆ ಏನೂ ಇಲ್ಲ. ಪ್ರೈಮರಿಯಲ್ಲಿ ಸ್ಕ್ಯಾನ್ ಮಾಡಿದರೆ ಮೆದುಳು ಸರಿಯಾಗಿಯೇ ಕಾಣುತ್ತದೆ. ನಿಮ್ಮಲ್ಲಿ ತಂತಿ ಹಾಕುವ ಜಾಗಕ್ಕೇ ಕಾಮಾಲೆ ಏಟು ಕೊಟ್ಟಿರುತ್ತದೆ. ಆದರೆ ಕುರ್ಚಿಯಲ್ಲಿ ನೋವಿಲ್ಲದೆ ಕೂರುವುದು, ರಾತ್ರಿ ನಿದ್ದೆ ಬರುವುದು, ಇದೂ ದೊಡ್ಡದೇ ಅಲ್ವಾ? ನೆದರ್ಲೆಂಡ್ಸ್‌ನಲ್ಲಿ 36 ಮಕ್ಕಳು, ಯುವಕರ ಮೇಲೆ ಬಾಕ್ಲೊಫೆನ್ ಪಂಪಿನ, ಅಂದರೆ ಚರ್ಮದಡಿ ಇಟ್ಟು ಬೆನ್ನುಹುರಿಯ ಬಳಿಗೆ ಔಷಧಿ ಬಿಡುವ ಯಂತ್ರದ ಸ್ಟಡಿ ಆಯಿತು. ಕೆಲವರ ಪಂಪಿನಲ್ಲಿ ಔಷಧಿ, ಕೆಲವರದರಲ್ಲಿ ಬರೀ ಉಪ್ಪುನೀರು, ಮೂರು ತಿಂಗಳು. ಮುಖ್ಯವಾಗಿ ಅಳೆದಿದ್ದು ಏನು ಗೊತ್ತಾ? ಪ್ರತಿ ಮನೆಯವರೂ ಮೊದಲೇ ಹೇಳಿದ ಆಸೆಗಳನ್ನು. ಔಷಧಿ ಸಿಕ್ಕವರ ಆಸೆಗಳೇ ಹೆಚ್ಚು ಈಡೇರಿದವು. ನೀವೂ ನಿಮಗೆ ಏನು ಸುಲಭ ಆಗಬೇಕು ಅಂತ ಒಂದು ಕಾಗದದಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಕಲಬುರಗಿ: ನಾನೇ ನನ್ನ ಕೈಯಿಂದ ಊಟ ಮಾಡಬೇಕು. ಅಷ್ಟೇ.

ಡಾಕ್ಟರ್: ಅದನ್ನೇ ಮೊದಲನೇ ಸಾಲಿನಲ್ಲಿ ಬರೆಯಿರಿ.

ಮಂಡ್ಯ: ಸಿಟಿಆರ್‌ಐ ಇಂಗ್ಲಿಷಲ್ಲಿದೆ. ಸುಮ್ನೆ ಆಸ್ಪತ್ರೆ ಹೆಸರು ಹೇಳಬಾರದಾ? ಮೂರು ಸಲ ಕೇಳಿದೆ.

ಡಾಕ್ಟರ್: ಎರಡು ಸಲ ಕೇಳಿದ್ದೀರಿ. ಹೆಸರು ಹೇಳಲ್ಲ, ಗುಂಪಿನ ನಿಯಮ. ಓದಲು ಕಷ್ಟವಾದರೆ ಪುಟದ ಫೋಟೋ ಹಾಕಿ, ಧಾರವಾಡದವರು ಓದಿ ಹೇಳುತ್ತಾರೆ.

ಉಡುಪಿ: ಕೇಳಿದ್ದಕ್ಕೆ ಉತ್ತರ ಇಲ್ಲ, ತಾಮ್ರಕ್ಕೆ ಮಾತ್ರ ಭಾಷಣ. ನಾನು ಗುಂಪು ಬಿಡುತ್ತಿದ್ದೇನೆ.

ಧಾರವಾಡ: ಹೋಗಿ ಬನ್ನಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಹೊಸ ಪ್ರಶ್ನೆಗಳನ್ನು ಇವತ್ತಿಗೆ ನಿಲ್ಲಿಸುತ್ತಿದ್ದೇನೆ.

ಡಾಕ್ಟರ್: ಹಾಸನದ ಅಮ್ಮ, ತಲುಪಿದಿರಾ?

ಡಾಕ್ಟರ್: ಅಮ್ಮಾ, ಓದಿದ್ದರೆ ಒಂದು ಮಾತು ಬರೆಯಿರಿ.

ಹಾಸನ: ನಾನು ಅವನ ಚಿಕ್ಕಮ್ಮ. ಅಕ್ಕ ಒಳಗಿದ್ದಾಳೆ. ಐಸಿಯುಗೆ ತಗೊಂಡರು. ನೀವು ಬರೆದಿದ್ದನ್ನು ಹಾಗೇ ಓದಿ ಹೇಳಿದಳು. ರಕ್ತ ತಗೊಂಡಿದ್ದಾರೆ, ಗ್ಲೂಕೋಸ್ ಹಾಕಿದ್ದಾರೆ. ನಿದ್ದೆ ಬರುವ ಇಂಜೆಕ್ಷನ್ ಕೊಟ್ಟ ಮೇಲೆ ಬೆನ್ನು ಸ್ವಲ್ಪ ಹಾಸಿಗೆಗೆ ತಾಗಿದೆ.

ಡಾಕ್ಟರ್: ಒಳ್ಳೆಯದು. ಸಿಕೆ ರಿಪೋರ್ಟ್, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಎರಡೂ ಬಂದ ಕೂಡಲೇ ನನಗೆ ಕಳಿಸಿ. ಅಲ್ಲಿನ ಡಾಕ್ಟರ್ ಮಾತಾಡಬೇಕು ಅಂದರೆ ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ಎಷ್ಟು ಹೊತ್ತಾದರೂ ಸರಿ. ಮತ್ತೆ ಅಕ್ಕನಿಗೆ ಹೇಳಿ, ತಪ್ಪು ಅವಳದಲ್ಲ. ಏನಾದರೂ ತಿನ್ನಿಸಿ ಅವಳಿಗೆ, ಅವಳೂ ಎರಡು ರಾತ್ರಿ ಮಲಗಿಲ್ಲ.