‘ಚೇರ್ಸ್ ಮಿಸ್ಸಿಂಗ್’: ‘ನಾಲ್ಕು ಕುರ್ಚಿ ಕಮ್ಮಿ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಲಂಡನ್ನಿನ ‘ವೈರ್’ ಅನ್ನುವ ರಾಕ್ ಬ್ಯಾಂಡಿನ ಎರಡನೇ ಆಲ್ಬಮ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ. 1978ರ ಸೆಪ್ಟೆಂಬರಿನಲ್ಲಿ ಬಂದ ಈ ಆಲ್ಬಮ್ಮಿನ ಹೆಸರು ‘ಚೇರ್ಸ್ ಮಿಸ್ಸಿಂಗ್’. ಮೊದಲ ಕರಡಿನಲ್ಲಿ ‘ಕಾಣೆಯಾದ ಕುರ್ಚಿಗಳು’ ಅಂತ ಬರೆದಿದ್ದೆ. ಓದಿ ನೋಡಿದರೆ ಅರ್ಧ ಅರ್ಥವೇ ಹೋಗಿತ್ತು.

ಇದು ಇಂಗ್ಲೆಂಡಿನ ಆಡುಮಾತು. ಒಬ್ಬನ ಮನಸ್ಸು ಕೊಂಚ ಏರುಪೇರಾಗಿದ್ದರೆ, ಅವನ ಮನೆಯ ಮುಂದಿನ ಕೋಣೆಯಲ್ಲಿ ಒಂದಷ್ಟು ಕುರ್ಚಿ ಇಲ್ಲ ಅನ್ನುತ್ತಾರಂತೆ. ಬ್ಯಾಂಡಿನವರೇ ಕೊಟ್ಟಿರುವ ಅರ್ಥ ಇದು. ತಲೆ ಅಂದರೆ ಒಂದು ಮನೆ. ಮನೆ ಗಟ್ಟಿಯಾಗಿದೆ, ದೀಪ ಉರಿಯುತ್ತಿದೆ, ಬಂದವರು ಒಳಗೆ ಹೋಗಬಹುದು. ಕೂರೋಣ ಅಂದಾಗ ಮಾತ್ರ ಏನೋ ಕಮ್ಮಿ ಇರುವುದು ಗೊತ್ತಾಗುತ್ತದೆ. ಪೂರ್ತಿ ಹುಚ್ಚು ಅನ್ನುವ ಮಾತಲ್ಲ ಇದು.

ನಮ್ಮಲ್ಲಿ ಇದಕ್ಕೆ ಸರಿಯಾದ ಮಾತು ಯಾವುದು? ನನಗೆ ಮೊದಲು ಹೊಳೆದದ್ದು ‘ಸ್ಕ್ರೂ ಲೂಸು’, ‘ಒಂದು ಸುತ್ತು ಕಮ್ಮಿ’. ಎರಡರಲ್ಲೂ ತಲೆ ಒಂದು ಯಂತ್ರ. ಸ್ಪ್ಯಾನರ್ ಹಿಡಿದು ಬಿಗಿ ಮಾಡಿದರೆ ಸರಿಹೋಗುತ್ತದೆ ಅನ್ನುವ ಹಾಗಿದೆ. ‘ತಲೆ ಕೆಟ್ಟಿದೆ’ ಅನ್ನುವುದನ್ನು ನಾವು ಬೇಜಾರಿಗೂ ಸಿಟ್ಟಿಗೂ ಬಳಸುತ್ತೇವೆ. ‘ತಿಕ್ಕಲು’ ಅಂದರೆ ಸ್ವಭಾವದ ಕಡೆ ಜಾಸ್ತಿ ವಾಲುತ್ತದೆ. ‘ಅರೆಹುಚ್ಚ’ ಬೈಗುಳವೇ ಆಯಿತು. ‘ಮೇಲ್ಮಹಡಿ ಖಾಲಿ’ ಅನ್ನುವುದರಲ್ಲಿ ಮನೆ ಇದೆ ನಿಜ. ಆದರೆ ಅದು ಬುದ್ಧಿ ಇಲ್ಲದವನಿಗೆ ಹೇಳುವ ಮಾತು. ಕುರ್ಚಿ ಕಮ್ಮಿ ಇರುವವನು ಬುದ್ಧಿವಂತನೇ ಇರಬಹುದು, ಅಲ್ವಾ?

‘ಅರೆಮರುಳು’ ನನಗೆ ಬಹಳ ಇಷ್ಟ. ಹಳೆಯ ಮಾತು, ಕರುಣೆಯೂ ಇದೆ. ಆದರೆ ಅದರಲ್ಲಿ ಕುರ್ಚಿ ಇಲ್ಲ, ಮತ್ತು ಇಲ್ಲಿ ಕುರ್ಚಿಯನ್ನು ಬಿಡುವ ಹಾಗಿಲ್ಲ. ಯಾಕೆಂದರೆ ಆಲ್ಬಮ್ಮಿನ ಹೊದಿಕೆ ನೋಡಿ. ಪರದೆ ಇಳಿಬಿಟ್ಟ ಖಾಲಿ ವೇದಿಕೆ. ನಡುವೆ ಒಂದು ಮೇಜು, ಅದರ ಮೇಲೆ ಹೂವು. ಸುತ್ತ ಒಂದು ಕುರ್ಚಿಯೂ ಇಲ್ಲ. ಹೆಸರು ಗಾದೆಯ ಹಾಗೆ ತಲೆಯ ಬಗ್ಗೆ ಮಾತಾಡಿದರೆ, ಚಿತ್ರ ಅದನ್ನು ಅಕ್ಷರಶಃ ತೋರಿಸುತ್ತದೆ. ಕನ್ನಡದ ಹೆಸರಿಗೂ ಈ ಎರಡು ಕೆಲಸ ಬರಬೇಕು.

ಹಾಡುಗಳೂ ಹಾಗೇ ಇವೆ. ಹಿಂದಿನ ವರ್ಷ ಬಂದ ಅವರ ಮೊದಲ ಆಲ್ಬಮ್ ‘ಪಿಂಕ್ ಫ್ಲ್ಯಾಗ್’ನಲ್ಲಿ ಸುಮಾರು 35 ನಿಮಿಷಕ್ಕೆ 21 ಹಾಡು. ಹೇಳಬೇಕಾದ್ದು ಮುಗಿದ ತಕ್ಷಣ ಹಾಡು ನಿಂತುಬಿಡುತ್ತಿತ್ತು. ಎರಡನೆಯದರಲ್ಲಿ 15 ಹಾಡು, ಸುಮಾರು 42 ನಿಮಿಷ. ನಿರ್ಮಾಪಕ ಮೈಕ್ ಥಾರ್ನ್ ಕೀಬೋರ್ಡ್, ಸಿಂಥಸೈಸರ್ ಸೇರಿಸಿದರು. ಅಷ್ಟೆಲ್ಲ ಸೇರಿದರೂ ಕೇಳುವಾಗ ಜಾಗ ತುಂಬಿದ ಹಾಗೆ ಅನ್ನಿಸುವುದಿಲ್ಲ. ಯಾರೋ ಒಂದೊಂದೇ ಸಾಮಾನು ಹೊರಗೆ ಸಾಗಿಸಿದ ಕೋಣೆಯ ಹಾಗಿದೆ. ‘ಹಾರ್ಟ್‌ಬೀಟ್’ ಹಾಡನ್ನು ರಾತ್ರಿ ದೀಪ ಆರಿಸಿ ಕೇಳಿ, ನಾನು ಹೇಳುವುದು ಗೊತ್ತಾಗುತ್ತದೆ.

ಇನ್ನೊಂದು ತೊಡಕು ನಮ್ಮ ಮನೆಗಳದ್ದು. ನಮ್ಮ ಹಳೆಯ ಹಜಾರಗಳಲ್ಲಿ ಚಾಪೆ, ಮಣೆ, ಜಗುಲಿ ಇದ್ದವು. ಕುರ್ಚಿ ಇಲ್ಲದಿದ್ದರೆ ಯಾರಿಗೂ ಕೊರತೆ ಅನ್ನಿಸುತ್ತಿರಲಿಲ್ಲ. ಹಾಗಾಗಿ ‘ನಾಲ್ಕು ಹಂಚು ಹಾರಿವೆ’ ಅಂತ ನಾನೇ ಒಂದು ಕಟ್ಟಿ ನೋಡಿದೆ. ಮಲೆನಾಡಿನವರಿಗೆ ತಕ್ಷಣ ತಟ್ಟುತ್ತದೆ. ಆದರೆ ಹೊದಿಕೆಯ ಚಿತ್ರಕ್ಕೂ ಇದಕ್ಕೂ ಸಂಬಂಧ ಉಳಿಯಲಿಲ್ಲ. ಬಿಟ್ಟೆ.

ಸದ್ಯಕ್ಕೆ ಉಳಿದಿರುವುದು ‘ನಾಲ್ಕು ಕುರ್ಚಿ ಕಮ್ಮಿ’. ‘ಕಾಣೆ’ ಅಂದರೆ ಇದ್ದದ್ದು ಕಳೆದುಹೋಯಿತು ಅಂತ ಹುಡುಕಲು ಹೊರಡುತ್ತೇವೆ. ‘ಕಮ್ಮಿ’ ಅಂದರೆ ಅವನು ಇರುವುದೇ ಹಾಗೆ. ‘ಒಂದು ಸುತ್ತು ಕಮ್ಮಿ’ ಕೇಳಿ ಬೆಳೆದ ಕಿವಿಗೆ ಅರ್ಥವೂ ಬೇಗ ಹತ್ತುತ್ತದೆ. ‘ನಾಲ್ಕು ಜನ’, ‘ನಾಲ್ಕು ಮಾತು’ ಅನ್ನುವಂತೆ ಇಲ್ಲೂ ನಾಲ್ಕು ಅಂದರೆ ಲೆಕ್ಕದ ನಾಲ್ಕಲ್ಲ.

ಇದೇ ಆಲ್ಬಮ್ಮಿನ ಒಂದು ಹಾಡಿನ ಹೆಸರೂ ನನ್ನನ್ನು ಕಾಡುತ್ತಿದೆ: ‘ಔಟ್‌ಡೋರ್ ಮೈನರ್’. ಎರಡು ನಿಮಿಷವೂ ಇಲ್ಲದ ಹಾಡು, ಈ ಆಲ್ಬಮ್ಮಿನಲ್ಲೇ ಅತಿ ಇಂಪಾದ ರಾಗ. 1979ರಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ತಟ್ಟೆಯಾಗಿ, ಬಂದಾಗ ಅದನ್ನು ಉದ್ದ ಮಾಡಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 51ನೇ ಜಾಗಕ್ಕೆ ಹೋಯಿತು. ಕನ್ನಡ ಅಕ್ಷರದಲ್ಲಿ ‘ಮೈನರ್’ ಅಂತ ಬರೆದರೆ ಹದಿನೆಂಟು ತುಂಬದ ಹುಡುಗ ಅಂದುಕೊಳ್ಳುತ್ತಾರೆ. ‘ಗಣಿಗಾರ’ ಅಂದರೆ ಬಳ್ಳಾರಿ ನೆನಪಾಗುತ್ತದೆ. ಹಾಡಿನಲ್ಲಿರುವುದು ಎರಡೂ ಅಲ್ಲ. ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು, ಹಸಿರನ್ನು ತಿಂದು ಬದುಕುವ ಒಂದು ಮರಿಹುಳು.

ಇದಕ್ಕೆ ನಮ್ಮ ಟೊಮೆಟೊ ಬೆಳೆಗಾರರು ಸೊಗಸಾದ ಹೆಸರು ಇಟ್ಟಿದ್ದಾರೆ: ರಂಗೋಲಿ ಹುಳು. ಹುಳು ತಿಂದ ದಾರಿ ಎಲೆಯ ಮೇಲೆ ಬಿಳಿ ಗೆರೆಯಾಗಿ, ಅಂಕುಡೊಂಕಾಗಿ ಕಾಣುತ್ತದೆ. ಇಂಗ್ಲಿಷಿನವರು ಹುಳುವಿನ ಕೆಲಸ ನೋಡಿ ‘ಲೀಫ್ ಮೈನರ್’, ಅಂದರೆ ಎಲೆ ಕೊರೆಯುವ ಹುಳು, ಅಂತ ಹೆಸರಿಟ್ಟರು. ನಮ್ಮವರು ಅದು ಬಿಟ್ಟುಹೋದ ಗುರುತು ನೋಡಿ ಇಟ್ಟರು. ಟೊಮೆಟೊ ಎಲೆಯ ಈ ಹುಳು ಬೆಳೆದರೆ ನೊಣವಾಗುತ್ತದೆ. ಆಲ್ಬಮ್ಮಿನಲ್ಲಿ ಮುಂದಿನ ಹಾಡೇ ‘ಐ ಆ್ಯಮ್ ದ ಫ್ಲೈ’, ಅಂದರೆ ‘ನಾನೇ ನೊಣ’! ಇದನ್ನು ಗಮನಿಸಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಹಾಗಾಗಿ ‘ರಂಗೋಲಿ ಹುಳು’ ಅಂತಲೇ ಬರೆಯುತ್ತೇನೆ. ‘ಔಟ್‌ಡೋರ್’ ಅನ್ನುವುದನ್ನು ಬಿಟ್ಟರೆ ತಪ್ಪಾಗುತ್ತದೆಯೇ, ಹೇಳಿ.

ಎರಡು ಪ್ರಶ್ನೆ ನಿಮ್ಮ ಮುಂದಿವೆ. ತಲೆಯನ್ನು ಮನೆಯಾಗಿ ಕಂಡು, ಮನಸ್ಸು ಕೊಂಚ ತಪ್ಪಿದವರ ಬಗ್ಗೆ ಹೇಳುವ ಮಾತು ನಿಮ್ಮ ಕಡೆ ಇದೆಯೇ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ದಯವಿಟ್ಟು ಬರೆಯಿರಿ, ನನಗೆ ಗೊತ್ತಿರುವುದೆಲ್ಲ ಮೈಸೂರು ಸೀಮೆಯ ಮಾತು. ಮತ್ತೆ, ರಂಗೋಲಿ ಹುಳುವಿಗೆ ನಿಮ್ಮ ಹೊಲದಲ್ಲಿ ಏನನ್ನುತ್ತಾರೆ?