ಅಪ್‌ಡೇಟ್: ನೀರು ಜಾಸ್ತಿ ಕುಡಿದರೆ ಉಬ್ಬಸ ಕಡಿಮೆ ಆಗುತ್ತಾ ಅಂತ ಕೇಳಿದ್ದೆ, ಅಲ್ವಾ?

ಎರಡು ತಿಂಗಳ ಹಿಂದಿನ ಪ್ರಶ್ನೆ ಇದು. ದಿನವಿಡೀ ಎಸಿ ಆಫೀಸಿನಲ್ಲಿ ಕೂತು ಎರಡು ಲೋಟ ನೀರೂ ಕುಡಿಯದ ನನಗೆ ಸಂಜೆ ಹೊತ್ತಿಗೆ ಎದೆ ಬಿಗಿಯುತ್ತಿತ್ತು. ನೀರು ಕುಡಿದರೆ ಅಸ್ತಮಾ ಹತೋಟಿಗೆ ಬರುತ್ತಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮೇಜಿನ ಮೇಲೆ 1 ಲೀಟರಿನ ಸ್ಟೀಲ್ ಬಾಟಲಿ ಇಟ್ಟುಕೊಂಡೆ. ಊಟಕ್ಕೆ ಮುಂಚೆ ಒಂದು ಸಲ ಖಾಲಿ, ಮನೆಗೆ ಹೊರಡುವಾಗ ಇನ್ನೊಂದು ಸಲ. ವಾರದಲ್ಲೇ ವ್ಯತ್ಯಾಸ ಕಂಡಿತು. ಬೆಳಿಗ್ಗೆ ಗಂಟಲಲ್ಲಿ ಗೋಂದಿನ ಹಾಗೆ ಅಂಟಿಕೊಳ್ಳುತ್ತಿದ್ದ ಕಫ ಸಲೀಸಾಗಿ ಬರತೊಡಗಿತು. ಆದರೆ ರಾತ್ರಿಯ ಸುಯ್ ಸುಯ್ ಸದ್ದು ಮಾತ್ರ ಹಾಗೇ ಇತ್ತು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಮೈಯಲ್ಲಿ ನೀರು ಕಡಿಮೆಯಾದರೆ ಕಫ ಗಟ್ಟಿಯಾಗಬಹುದು, ಅಷ್ಟರ ಮಟ್ಟಿಗೆ ನೀರು ಒಳ್ಳೆಯದೇ ಅಂದರು. ಆದರೆ ಉಸಿರ್ನಾಳದ ಊತ ಇಳಿಸುವುದು ನೀರಲ್ಲ, ಸ್ಟೀರಾಯ್ಡ್ ಇನ್‌ಹೇಲರ್. "ದಿನಾ ತಗೋತಿದ್ದೀರಾ?" ನಾನು ಸುಮ್ನೆ ತಲೆ ತಗ್ಗಿಸಿದೆ. ಉಬ್ಬಸ ಬಂದಾಗ ಮಾತ್ರ ನೀಲಿ ಪಂಪು (ತಕ್ಷಣಕ್ಕೆ ಉಸಿರು ಸಲೀಸು ಮಾಡುವ ಇನ್ನೊಂದು ಇನ್‌ಹೇಲರ್) ಒತ್ತುತ್ತಿದ್ದೆ, ಅದೂ ತಪ್ಪಾಗಿ.

ಈಗ ಸ್ಟೀರಾಯ್ಡ್ ಇನ್‌ಹೇಲರನ್ನು ದಿನಾ, ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ) ಹಾಕಿ ನಿಧಾನವಾಗಿ ಎಳೆದುಕೊಳ್ಳುತ್ತೇನೆ. ಹತ್ತು ಎಣಿಸುವವರೆಗೆ ಉಸಿರು ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಿ ಉಗಿಯುತ್ತೇನೆ. ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಆಗಬಹುದಂತೆ. (ನೀರು ಇಲ್ಲೂ ಬೇಕೇ ಬೇಕು, ನೋಡಿ!) ಮೂರು ವಾರದಿಂದ ರಾತ್ರಿ ಎದ್ದು ಕೂತಿಲ್ಲ.

ಬಿಸಿನೀರು ಕುಡಿದರೆ ಸಾಕು, ಆ ಪಂಪು ಯಾಕೆ ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಅವರು ಕೊಟ್ಟ ಬಿಸಿನೀರು ಕುಡಿಯುತ್ತೇನೆ. ಪಂಪು ಬ್ಯಾಗಿನಲ್ಲೇ ಇರುತ್ತದೆ.