ರೆಸಿನ್‌ಗೆ ‘ರಾಳ’ ಸರಿಯೇ? ನಾಳೆ ಬೋರ್ಡು ಪ್ರಿಂಟಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು, ದಾಳ ಉರುಳಿಸಿ, ಟೇಪಿನಲ್ಲಿ ಅಳೆದು ಆಡುವ ಯುದ್ಧದಾಟಗಳಿವೆಯಲ್ಲ, ಅವಕ್ಕೆ ಬೇಕಾದ ಪಾಳುಗೋಡೆ, ಬಂಡೆ, ಸೇತುವೆಗಳನ್ನು ನಾವು ನಾಲ್ಕೈದು ಜನ ಮನೆಯಲ್ಲೇ ಮಾಡುತ್ತೇವೆ. ಸಿಲಿಕೋನ್ ಅಚ್ಚಿಗೆ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಬಣ್ಣ ಹಚ್ಚುವುದು. ಭಾನುವಾರ ಆಸಕ್ತರಿಗೆ ಹೇಳಿಕೊಡುತ್ತಿದ್ದೇವೆ. ಬೋರ್ಡಿಗೆ ರೆಸಿನ್, ಕಾಸ್ಟಿಂಗ್, ಸೀನರಿ ಮೂರಕ್ಕೂ ಪದ ಬೇಕು. ‘ರಾಳದ ಎರಕ’ ಎಂದು ಬರೆದಿಟ್ಟಿದ್ದೇನೆ. ನಗಬೇಡಿ.

———

ರಾಳ ಸರಿ. ನಿಘಂಟಿನಲ್ಲಿದೆ. ಮುಂದಿನ ಪ್ರಶ್ನೆ?

———

> ನಿಘಂಟಿನಲ್ಲಿದೆ

ಇದ್ದರೇನಾಯಿತು? ರಕಾರದಿಂದ ಶುರುವಾಗುವ ಪದ ಕಂಡರೆ ಮೊದಲು ಅನುಮಾನ ಬರಬೇಕು. ಅಚ್ಚಗನ್ನಡದಲ್ಲಿ ಅಂಥವು ಇಲ್ಲವೆನ್ನುವಷ್ಟು ಕಡಿಮೆ. ರಾಳ ಸಂಸ್ಕೃತದ್ದು. ನಮ್ಮದೇ ‘ಅರಗು’ ಇದೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಬರುವುದು ಅದರಿಂದಲೇ. ಬಿಸಿ ತಾಗಿದರೆ ಕರಗಿ ಅರಗುತ್ತದೆ, ಅದಕ್ಕೇ ಅರಗು. ಇನ್ನು ಎರಕ ಎನ್ನಲು ಲೋಹ ಕಾಯಿಸಿರಬೇಕು. ನೀವು ಕಾಯಿಸುವುದಿಲ್ಲ.

———

ಸಾರ್, ನಿಮ್ಮ ವ್ಯುತ್ಪತ್ತಿಯೇ ನಿಮಗೆ ತಿರುಗಿಬಿತ್ತು. ಈ ರೆಸಿನ್ ಎರಡು ಬಾಟಲಿಯ ದ್ರವ. ಬೆರೆಸಿದರೆ ತಾನೇ ಬಿಸಿಯಾಗಿ ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಕರಗಿ ನೀರಾಗುವುದಿಲ್ಲ. ಅರಗು ಹುಳದಿಂದ ಬರುವಂಥದ್ದು, ಅದರ ಗುಣ ಪೂರಾ ಉಲ್ಟಾ. ಅಲ್ಲದೆ ತಮಿಳಿನ ಅರಕ್ಕು, ನಮ್ಮ ಅರಗು ಎರಡನ್ನೂ ಸಂಸ್ಕೃತದ ರಾಕ್ಷಾ, ಲಾಕ್ಷಾಗಳಿಗೆ ಜೋಡಿಸುವವರೂ ಇದ್ದಾರೆ. ಆಗ ನಿಮ್ಮ ಅಚ್ಚಗನ್ನಡ ಎಲ್ಲಿ ಉಳಿಯಿತು?

ಹಾಗಂತ ರಾಳವೂ ಬೇಡ. ನಾನು ಕರಾವಳಿಯವನು. ನಮಗೆ ರಾಳ ಎಂದರೆ ಯಕ್ಷಗಾನದಲ್ಲಿ ಮಹಿಷಾಸುರ ಬರುವಾಗ ದೊಂದಿಗೆ ಎರಚುವ ಪುಡಿ. ಭುಗ್ ಎಂದು ಜ್ವಾಲೆ ಏಳುತ್ತದೆ, ಮುಂದೆ ಕೂತ ಮಕ್ಕಳು ಕಿರುಚುತ್ತವೆ. ಆ ಬೋರ್ಡು ನೋಡಿ ನಮ್ಮೂರಿನವರು ಚೆಂಡೆ ಎಲ್ಲಿ ಅಂತ ಕೇಳ್ತಾರೆ.

———

ಎರಕದ ಬಗ್ಗೆ ಮಾತ್ರ ಹೇಳುತ್ತೇನೆ. ಎರೆ ಎಂದರೆ ಸುರಿ, ಅಷ್ಟೇ. ಅದರಲ್ಲಿ ಬೆಂಕಿ ಇಲ್ಲ. ನಮ್ಮಮ್ಮ ‘ಇವತ್ತು ಎರೆದುಕೊಂಡೆ’ ಅಂದರೆ ತಲೆಗೆ ನೀರು ಹಾಕಿಕೊಂಡರು ಅಂತ. ಕಾದ ಕಂಚನ್ನಲ್ಲ. ಎರಕ ಇರಲಿ.

———

ರೆಸಿನ್ ಅಂತಲೇ ಬರೆಯಲು ಏನು ಕಷ್ಟ? ಬೋರ್ಡು, ಪ್ರಿಂಟು, ಬಾಟಲಿ, ಟೇಪು ಎಲ್ಲ ಬಳಸಿಕೊಂಡೇ ಇಷ್ಟು ಜಗಳ ಆಡಿದಿರಿ. ಸೀನರಿಯೂ ಹಾಗೇ. ಗುಬ್ಬಿ ವೀರಣ್ಣನವರ ಕಾಲದಿಂದ ಕಂಪನಿ ನಾಟಕದವರು ಸೀನರಿ ಅಂತಲೇ ಹೇಳಿದ್ದು. ನವರಾತ್ರಿಗೆ ಗೊಂಬೆ ಕೂರಿಸಿ, ಮುಂದೆ ರಾಗಿ ಮೊಳಕೆ ಬರಿಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಅದನ್ನು ‘ಪಾರ್ಕು’ ಅನ್ನುವುದಿಲ್ಲವೇ? ಯಾರೂ ಉದ್ಯಾನ ಅಂದದ್ದು ಕೇಳಿಲ್ಲ.

———

> ಏನು ಕಷ್ಟ?

ಕಷ್ಟ ಅಲ್ಲ, ಸೋಮಾರಿತನ. ಹೀಗೇ ಬಿಟ್ಟರೆ ನಾಳೆ ಕ್ರಿಯಾಪದವನ್ನೂ ಸಾಲ ತರುತ್ತೀರಿ. ನಾನು ಇನ್ನು ಬರೆಯುವುದಿಲ್ಲ.

———

ಇದನ್ನು ಹೋದ ತಿಂಗಳೂ ಹೇಳಿದ್ದಿರಿ.

———

ಧನ್ಯವಾದ. ‘ರೆಸಿನ್ ಎರಕ, ಬಣ್ಣ: ಆಟದ ಮೇಜಿಗೆ ಬೆಟ್ಟಗುಡ್ಡ, ಪಾಳುಗೋಡೆ’ ಎಂದು ಕಳಿಸಿದೆ. ಸೀನರಿ ಪದವೇ ಬೇಕಾಗಲಿಲ್ಲ.

ಹಾಳೆಯಲ್ಲಿ ಹಂಚಲು ಇನ್ನೊಂದು ಬೇಕಿತ್ತು. ಗೋಡೆಗೆ ಮೊದಲು ಕಪ್ಪು ಹಚ್ಚುತ್ತೇವೆ. ಒಣಗಿದ ಮೇಲೆ ಬ್ರಷ್ಷನ್ನು ಬೂದುಬಣ್ಣಕ್ಕೆ ಅದ್ದಿ, ಹಳೇ ಬಟ್ಟೆಗೆ ಹೆಚ್ಚುಕಮ್ಮಿ ಎಲ್ಲ ಒರೆಸಿ, ಉಳಿದ ಚೂರನ್ನು ಕಲ್ಲಿನ ಮೇಲೆ ಆಡಿಸುತ್ತೇವೆ. ಉಬ್ಬಿದ ಅಂಚಿಗೆ ಮಾತ್ರ ಬಣ್ಣ ಹತ್ತುತ್ತದೆ, ಬಿರುಕು ಕಪ್ಪಗೇ ಉಳಿಯುತ್ತದೆ. ಇದು ಡ್ರೈ ಬ್ರಷಿಂಗ್. ‘ಒಣಗುಂಚ’ ಅನ್ನಬಹುದೇ?

———

ಬೇಡ. ಜನ ‘ಒಣಗು’ ತನಕ ಓದಿ ನಿಂತುಬಿಡುತ್ತಾರೆ. ‘ಒಣ ಸವರು’ ಸಾಕು. ಆದೇಶ ಸಂಧಿ ಬಗ್ಗೆ ತಕರಾರು ಇದ್ದವರು ದಯವಿಟ್ಟು ಬೇರೆ ಎಳೆ ಶುರುಮಾಡಿ.